ಕೆಂಪು ಬಟನ್ನಿನ ಮಿರ್ಚಿ ದಂಡ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಒಲೆಯ ಮೇಲಿನ ಹಾಲು ಉಕ್ಕುವುದಕ್ಕೂ ನಾನು ಉಕ್ಕುವುದಕ್ಕೂ ಏನೂ ಫರಕಿಲ್ಲ ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳುತ್ತಾನೆ. ಹಾಗೆ ಹೇಳಿದಾಗಲೂ ನನಗೆ ಸಿಟ್ಟೇ ಬರುತ್ತದೆ. ಆದರೆ ಇಳಕಲ್ಲಿನಂಥ ಊರಲ್ಲಿ, ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯೊಳಗೆ, ಮಷೀನು ನಡೆಸುವ ಹೆಂಗಸಿಗೆ ಇಷ್ಟಾದರೂ ಸಿಟ್ಟು ಇರದಿದ್ದರೆ ಅವಳ ಮಾತು ಯಾರೂ ಕೇಳುವುದಿಲ್ಲ.

ಮೊದಲು ನಾನೂ ಕಲ್ಲು ಒರೆಸುವ ಕೆಲಸಕ್ಕೇ ಸೇರಿದವಳು. ಮಷೀನು ನಡೆಸುತ್ತಿದ್ದವನು ಮದುವೆಯಾಗಿ, ಹೆಂಡತಿಯ ಊರಲ್ಲಿ ಅಂಗಡಿ ಹಾಕುತ್ತೇನೆಂದು ಒಂದು ದಿನ ಹೇಳದೆ ಕೇಳದೆ ಹೊರಟುಹೋದ. ಮಾಲಕರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಹೊರಗೆ ಲಾರಿ ಬಂದು ನಿಂತಿತ್ತು. ನನಗೆ ನೋಡಿ ನೋಡಿ ಸಾಕಾಯಿತು. "ಇಷ್ಟು ವರ್ಷ ಅಂವಾ ಏನೇನ ಒತ್ತಾನ ನಾ ನೋಡೇನಿ. ನಾ ನಡಸ್ತೇನಿ, ಸರೀರಿ" ಅಂದೆ. ಅವರು ಸರಿದರು. ಅವತ್ತಿನಿಂದ ಪ್ಯಾನಲ್ಲಿನ ಮುಂದೆ ನಾನೇ ನಿಂತಿದ್ದೇನೆ.

ನಮ್ಮ ಮಷೀನು ಉದ್ದನೆಯದು. ಈ ತುದಿಯಲ್ಲಿ ಒರಟು ಕಲ್ಲನ್ನು ಬೆಲ್ಟಿನ ಮೇಲೆ ಮಲಗಿಸಿದರೆ ಅದು ನಿಧಾನವಾಗಿ ಒಳಗೆ ಸರಿಯುತ್ತದೆ. ಮೇಲಿನಿಂದ ಒಂದರ ಪಕ್ಕ ಒಂದು ಹೆಡ್ಡುಗಳು ಗರಗರ ತಿರುಗುತ್ತ ಅದನ್ನು ಉಜ್ಜುತ್ತವೆ, ನೀರು ಸುರಿಯುತ್ತಲೇ ಇರುತ್ತದೆ. ಆ ತುದಿಯಲ್ಲಿ ಹೊರಬರುವ ಹೊತ್ತಿಗೆ ನಮ್ಮ ಊರಿನ ಕೆಂಪು ಕಲ್ಲು ಎಷ್ಟು ನುಣುಪಾಗಿರುತ್ತದೆಂದರೆ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ಖರೆ ಹೇಳಬೇಕೆಂದರೆ ಒಬ್ಬಳು ಹಾಗೆಯೇ ಇಟ್ಟುಕೊಳ್ಳುತ್ತಿದ್ದಳು. ಅವಳೇ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ತವರು ಬಾದಾಮಿ ಕಡೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಮ್ಮದು ಒಂದೇ ಅಂಗಳ, ಎರಡು ಒಲೆ. ಬೆಳಗ್ಗೆ ನಳದ ನೀರಿಗೆ ಜಗಳವಾಡಿ, ಅದೇ ಜಗಳವನ್ನು ಮಾತಾಡುತ್ತ ಫ್ಯಾಕ್ಟರಿಯವರೆಗೆ ಜೋಡಿಯಾಗಿ ನಡೆದುಹೋಗುತ್ತಿದ್ದೆವು. ಗೇಟು ಬರುವಷ್ಟರಲ್ಲಿ ಜಗಳ ಮರೆತು ಬೇರೆ ಯಾರದೋ ಮನೆಯ ಸುದ್ದಿಗೆ ಬಂದಿರುತ್ತಿದ್ದೆವು.

ಅಕ್ಕನ ಕೆಲಸ ಆ ತುದಿಯಲ್ಲಿ. ಹೊರಬಂದ ಕಲ್ಲಿನ ಮೇಲಿನ ನೀರನ್ನು ರಬ್ಬರ್ ವೈಪರಿನಿಂದ ಎಳೆದು, ಒರೆಸಿ, ಹೊಳಪು ನೋಡುವುದು. ಆದರೆ ಅವಳ ಬೆರಳುಗಳ ಅಸಲಿ ಕೆಲಸ ಅದಲ್ಲ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಮಗ್ಗದ ಮೇಲೆ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು ಸೇರಿಸಿ ಕೊಂಡಿ ಹಾಕಬೇಕು. ಅದನ್ನು ಮಾಡುವ ಕೈ ಎಲ್ಲರಿಗೂ ಇರುವುದಿಲ್ಲ. ಅಕ್ಕ ಅಲ್ಲಿ ಇಲ್ಲಿ ನೋಡುತ್ತ, ನನ್ನನ್ನು ಬೈಯುತ್ತ, ಚಹಾ ಕುಡಿಯುತ್ತಲೇ ಎಳೆಯ ಮೇಲೆ ಎಳೆ ಸೇರಿಸಿಬಿಡುತ್ತಾಳೆ. ಸಂಜೆ ಮನೆಗೆ ಬಂದು ಕೈ ತೊಳೆಯುವುದರೊಳಗೆ ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು. "ಅಕ್ಕಾರ, ನಮ್ಮ ಮಗ್ಗಕ್ಕೊಂದಿಷ್ಟು ಕೊಂಡಿ ಹಾಕಿ ಕೊಡ್ರೆಲ್ಲಾ." ಹೊಟ್ಟೆಕಿಚ್ಚಿನಿಂದ ನಾನೂ ಒಮ್ಮೆ ಕಲಿಯಲು ಕುಳಿತಿದ್ದೆ. ಹತ್ತು ಎಳೆ ಹರಿದೆ. ಅಕ್ಕ ನನ್ನ ಕೈ ತಟ್ಟಿ, "ನೀ ಕಲ್ಲ ಉಜ್ಜವ್ವಾ, ಅದ ಚೊಲೊ" ಅಂದಳು. ಆ ಬೆರಳುಗಳೇ ನಮ್ಮ ಓಣಿಯ ಆಸ್ತಿ. ಈ ಕತೆ ಇರುವುದೂ ಅವುಗಳದ್ದೇ.

ಇನ್ನು ಕೆಂಪು ಬಟನ್ನಿನ ವಿಷಯ. ನಮ್ಮ ಮಷೀನಿಗೆ ಕರೆಂಟಿನ ಕೆಲಸ ಮಾಡುವವರು ಹುನಗುಂದದಿಂದ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ಹಿರಿಯರು. ನಾವೆಲ್ಲ ಚಾಚಾ ಎನ್ನುತ್ತೇವೆ. ಬಿಳಿ ಗಡ್ಡ, ಕಿವಿಯ ಹಿಂದೆ ಸದಾ ಒಂದು ಟೆಸ್ಟರ್. ಮೊದಲು ಕೆಂಪು ಬಟನ್ ಇದ್ದದ್ದು ನನ್ನ ಪ್ಯಾನಲ್ಲಿನ ಮೇಲೆ ಒಂದೇ. ನಾನು ಮಾಲಕರ ಹತ್ತಿರ ಜಗಳ ತೆಗೆದೆ. "ಆ ತುದಿಯೊಳಗ ಏನರ ಆದ್ರ ಅಕ್ಕ ಇಲ್ಲಿ ತನಕ ಓಡಿ ಬಂದು ಒತ್ತಬೇಕೇನ್ರಿ? ಕೈ ಸಿಕ್ಕಾಕೆ ಓಡಿ ಬರ್ತಾಳೇನ್ರಿ?" ಅವರಿಗೆ ನನ್ನ ಮಾತು ಒಪ್ಪಿಗೆಯಾಯಿತೋ ನನ್ನ ದನಿಗೆ ಹೆದರಿದರೋ ಗೊತ್ತಿಲ್ಲ, ಮರುವಾರ ಚಾಚಾ ಇನ್ನೊಂದನ್ನು ತಂದು ಅಕ್ಕನ ಮೊಣಕೈ ಹತ್ತಿರದ ಕಂಬಕ್ಕೆ ಕೂರಿಸಿದರು. ಹಳದಿ ಡಬ್ಬಿ, ಅದರ ಮೇಲೆ ಕೆಂಪಗೆ, ಅಣಬೆಯ ಹಾಗೆ ಉಬ್ಬಿದ ತಲೆ.

ಕೂರಿಸಿದ ಮೇಲೆ ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡು ಚಾಚಾ ಪಾಠ ಮಾಡಿದರು.

"ದಿನಾ ಬಂದ್ ಮಾಡು ಬಟನ್ ಬ್ಯಾರೆ ಐತಿ. ಅದನ್ನ ಒತ್ತಿದ್ರ ಮಷೀನ್ ಸಾವಕಾಶ, ಪದ್ಧತ್‌ಶೀರ್ ನಿಲ್ಲತೈತಿ. ಮೊದಲ ಹೆಡ್ ಎತ್ತತೈತಿ, ಆಮ್ಯಾಲೆ ಬೆಲ್ಟ್. ಈ ಕೆಂಪಂದು ಹಂಗಲ್ಲ. ಇದನ್ನ ಬಡದ್ರ ಎಲ್ಲಾ ಒಮ್ಮಿಗೆ ಬಂದ್. ಬೆರಳಲೆ ಹುಡಿಕ್ಯಾಡಿ ಒತ್ತಬ್ಯಾಡ್ರಿ. ಅಂಗೈಲೆ ಹೊಡೀರಿ, ಮೊಣಕೈಲೆ ಗುದ್ರಿ, ಬೆನ್ನಲೆ ದಬ್ಬರಿ. ಅದಕ್ಕ ಇದನ್ನ ಇಷ್ಟ ದಪ್ಪ ಮಾಡ್ಯಾರ."

"ಇದರ ತಂತಿನ ಹರದಿದ್ರ?" ಎಂದು ನಾನು ಕೇಳಿದೆ. ನನಗೆ ಕೊಂಕು ತೆಗೆಯುವ ಚಟ.

ಚಾಚಾಗೆ ಆ ಪ್ರಶ್ನೆ ಹೋಳಿಗೆ ಸಿಕ್ಕಷ್ಟು ಖುಷಿ ಕೊಟ್ಟಿತು. "ಭೇಷ್! ಈ ಬಟನ್ ಹೂಂ ಹೂಂ ಅಂತ ಅನಕೋತನ ಇರಬೇಕು ತಂಗೀ, ಅಂದ್ರ ಮಷೀನ್ ನಡೀತೈತಿ. ತಂತಿ ಹರೀತು ಅಂದ್ರ ಅದರ ಹೂಂ ನಿಂತಂಗ. ಮಷೀನೂ ನಿಂತಂಗ. ಕೆಟ್ಟರೂ ನಮ್ಮ ಕಡೀನ ಕೆಡ್ತೈತಿ ಇದು." ಆಮೇಲೆ ಒತ್ತಿ ತೋರಿಸಿದರು. ಬಟನ್ ಒಳಗೆ ಹೋಗಿ ಅಲ್ಲಿಯೇ ಕುಳಿತಿತು. ತಿರುವಿದರು, ಟಕ್ ಎಂದು ಹೊರಬಂತು. ಮಷೀನು ಮಾತ್ರ ಸುಮ್ಮನೆ ಇತ್ತು. "ನೋಡ್ರಿ, ತಿರುವಿದ ಕೂಡ್ಲೆ ಚಾಲೂ ಆಗಬಾರದು. ಒಳಗ ಇನ್ನೂ ಯಾರದರ ಕೈ ಇದ್ರ? ಪ್ಯಾನಲ್ ಮ್ಯಾಗಿನ ಹಸರು ಬಟನ್ ಒತ್ತಿದ್ರನ ಚಾಲೂ."

ಇಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದನ್ನು ಹಾಳು ಮಾಡಿದ್ದು ಮಿರ್ಚಿ.

ಅದು ಶುರುವಾದ ರೀತಿ ಹೀಗೆ. ಕಲ್ಲು ಹೇರುವವನೊಬ್ಬ ಮಧ್ಯಾಹ್ನ ರೊಟ್ಟಿ ಉಂಡು ಬಂದು, ಕಂಬಕ್ಕೆ ಬೆನ್ನು ಕೊಟ್ಟು, ಬಾಯಿ ತುಂಬ ಆಕಳಿಸಿದ. ಬೆನ್ನು ಬಟನ್ನಿನ ಮೇಲೆ ಬಿತ್ತು. ಮಷೀನು ಗಪ್ಪೆಂದು ನಿಂತಿತು. ಹಾಗೆ ಹೆಡ್ಡುಗಳು ಕಲ್ಲಿನ ಮೇಲೆಯೇ ನಿಂತರೆ ಉಂಗುರದಂಥ ಕಲೆ ಉಳಿಯುತ್ತದೆ, ಆ ಕಲ್ಲನ್ನು ಮತ್ತೆ ಮೊದಲಿನಿಂದ ಉಜ್ಜಬೇಕು. ನಮ್ಮ ಮೇಸ್ತ್ರಿ ಸೊಂಟದ ಮೇಲೆ ಕೈ ಇಟ್ಟು ನ್ಯಾಯ ಹೇಳಿದರು: "ಆಕಳಿಸಿದ್ದಕ್ಕ ದಂಡ. ಎಲ್ಲಾರಿಗೂ ಮಿರ್ಚಿ ತರಸು." ಗೇಟಿನ ಹೊರಗೇ ಮಿರ್ಚಿ ಗಾಡಿ ಇತ್ತು. ಬಿಸಿ ಬಿಸಿ ಮಿರ್ಚಿ ಭಜಿ, ಒಗ್ಗರಣೆ ಹಾಕಿದ ಚುರುಮುರಿ ಬಂತು. ಎಲ್ಲರೂ ಕಲ್ಲಿನ ಮೇಲೆ ಕುಳಿತು ತಿಂದೆವು, ನಕ್ಕೆವು. ಅಷ್ಟು ರುಚಿಯಾದ ಕಾನೂನು ಅದಕ್ಕಿಂತ ಮೊದಲು ನಮ್ಮ ಫ್ಯಾಕ್ಟರಿಯಲ್ಲಿ ಇರಲಿಲ್ಲ.

ಅಂದಿನಿಂದ ಕೆಂಪು ಬಟನ್ ಒತ್ತಿದವರು ಮಿರ್ಚಿ ಕೊಡಿಸಬೇಕು ಎಂದಾಯಿತು. ಕಾರಣ ಕೇಳುವ ಹಾಗಿಲ್ಲ. ಒಮ್ಮೆ ಅಕ್ಕನ ಕೈಯಿಂದ ವೈಪರ್ ಜಾರಿ ಬೆಲ್ಟಿನೊಳಗೆ ಸಿಕ್ಕಿಕೊಂಡಿತು. ಅವಳು ಚಾಚಾ ಹೇಳಿದ ಹಾಗೆ ಮೊಣಕೈಯಿಂದ ಗುದ್ದಿ ನಿಲ್ಲಿಸಿದಳು, ಸರಿಯಾಗಿಯೇ ಮಾಡಿದಳು. ಆದರೂ ದಂಡ ಬಿತ್ತು. ಚಾಚಾ ಒಬ್ಬರೇ ಬೇಡ ಬೇಡ ಎಂದು ಕೈ ಆಡಿಸಿದರು. "ಇದು ನಗೂ ಮಾತಲ್ಲ, ಒತ್ತಿದಾಕೀದು ತಪ್ಪಿಲ್ಲ" ಎಂದರು. ನಮ್ಮ ಬಾಯಿ ತುಂಬ ಮಿರ್ಚಿ ಇತ್ತು, ಯಾರು ಉತ್ತರ ಕೊಡುತ್ತಾರೆ? ಅವರ ಕೈಗೂ ಒಂದು ಕೊಟ್ಟು ಸುಮ್ಮನಾಗಿಸಿದೆವು.

ಎಲ್ಲರೂ ಒಂದಲ್ಲ ಒಂದು ಸಲ ದಂಡ ಕೊಟ್ಟಿದ್ದರು, ಮೇಸ್ತ್ರಿ ಒಬ್ಬರನ್ನು ಬಿಟ್ಟು. ಅವರ ಜಿಪುಣತನದ ಬಗ್ಗೆ ಏನು ಹೇಳಲಿ. ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತಂದು, ಗೋಡೆಗೆ ಮುಖ ಮಾಡಿ ಕುಡಿಯುವ ಮನುಷ್ಯ. ಒಮ್ಮೆ ಆ ತುದಿಯಲ್ಲಿ ಕಲ್ಲು ಅಡ್ಡ ತಿರುಗಿ ನಿಂತಿತು. ಕೆಂಪು ಬಟನ್ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವರು ಅದನ್ನು ಬಿಟ್ಟು, ಲುಂಗಿ ಎತ್ತಿ ಹಿಡಿದುಕೊಂಡು, "ಬಂದ್ ಮಾಡಬೇ! ಬಂದ್ ಮಾಡಬೇ!" ಎಂದು ಕೂಗುತ್ತ ಮಷೀನಿನ ಉದ್ದಕ್ಕೂ ಓಡಿ ನನ್ನ ಹತ್ತಿರ ಬಂದರು. ನಾನು ಸಾದಾ ಬಟನ್ ಒತ್ತಿ ನಿಲ್ಲಿಸಿದೆ. ಮಿರ್ಚಿ ಉಳಿಸಿದ ಆ ಓಟವನ್ನು ಕಲ್ಲು ಹೇರುವವರು ಎಷ್ಟೋ ದಿನ ನಟಿಸಿ ತೋರಿಸಿದರು. ಮೇಸ್ತ್ರಿಗೆ ಅದರಿಂದ ನಾಚಿಕೆಯೇನೂ ಆಗಲಿಲ್ಲ. "ಓಡೀನಿ, ಖರ್ಚ ಆತೇನು?" ಎಂದರು. ಆದರೆ ಅವರ ಮನೆಯಲ್ಲಿ ಮಗ್ಗವಿತ್ತು. ಅವರ ತಾಯಿ ಈಗಲೂ ನೇಯುತ್ತಿದ್ದರು, ಕಣ್ಣು ಮಂಜಾದ್ದರಿಂದ ಕೊಂಡಿ ಮಾತ್ರ ಅಕ್ಕನೇ ಹೋಗಿ ಹಾಕಿಕೊಡಬೇಕಿತ್ತು. ಹಾಗಾಗಿ ಅಕ್ಕನಿಗೆ ಮಾತ್ರ ಆ ಫ್ಲಾಸ್ಕಿನ ಚಹಾ ಒಂದೆರಡು ಸಲ ಸಿಕ್ಕಿತ್ತು. ನನಗೆ ಅದರ ವಾಸನೆ ಕೂಡ ಸಿಕ್ಕಿಲ್ಲ.

ಇನ್ನು ಆ ದಿನಕ್ಕೆ ಬರುತ್ತೇನೆ. ನಮ್ಮ ಪಕ್ಕದ ಮನೆಯ ಹುಡುಗಿಯ ಕುಬುಸದ ಕಾರ್ಯ ಇತ್ತು. ಚೊಚ್ಚಲ ಬಸುರಿ, ಓಣಿಯ ಹೆಂಗಸರೆಲ್ಲ ಸೇರಿದ್ದರು. ಅಕ್ಕ ಅರ್ಧ ದಿನ ರಜೆ ಕೇಳಿ, ಉಂಡು, ಹಾಡಿ, ಮಧ್ಯಾಹ್ನ ನೇರ ಅಲ್ಲಿಂದಲೇ ಫ್ಯಾಕ್ಟರಿಗೆ ಬಂದಳು. ತಲೆಯಲ್ಲಿ ಮಲ್ಲಿಗೆ, ಕೈ ತುಂಬ ಹಸಿರು ಬಳೆ. ಉಟ್ಟಿದ್ದು ಕಪ್ಪು ಒಡಲಿನ, ಕೆಂಪು ರೇಷ್ಮೆ ಸೆರಗಿನ ಇಳಕಲ್ ಸೀರೆ. ಅದರ ಕೊಂಡಿಯನ್ನು ಅವಳೇ ಹಾಕಿದ್ದಳು. ಆ ಸೀರೆ ಉಟ್ಟ ದಿನ ಅವಳ ನಡಿಗೆಯೇ ಬೇರೆ.

ನಮ್ಮಲ್ಲಿ ಕೆಲಸಕ್ಕೆ ನಿಲ್ಲುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡು, ಸೆರಗನ್ನು ಅದರೊಳಗೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತೇವೆ. ಮೈಮೇಲೆ ಕಲ್ಲಿನ ಕೆಸರು ಸಿಡಿಯುವುದಿಲ್ಲ, ಸೆರಗು ಎಲ್ಲೂ ಸಿಗುವುದಿಲ್ಲ. ಅಕ್ಕ ಅಂಗಿಯನ್ನು ಗೂಟದಿಂದ ತೆಗೆಯಲೇ ಇಲ್ಲ.

"ಅಂಗಿ ಹಾಕ್ಕೊ ಅಕ್ಕಾ" ಅಂದೆ.

"ಅಂಗಿ ಹಾಕ್ಕೊಂಡ್ರ ಈ ಸೆರಗ ಯಾರ ನೋಡ್ತಾರ?"

"ಇಲ್ಲಿ ಯಾರ ನೋಡಬೇಕಾಗೇತಿ? ಕಲ್ಲ ನೋಡ್ತಾವೇನು?"

"ನೀ ನೋಡಿ ಹೊಟ್ಟಿ ಉರಕೊಳ್ಳಾಕತ್ತಿಯಲ್ಲಾ, ಅಷ್ಟ ಸಾಕು" ಎಂದು ನಕ್ಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆ ಗಲಗಲ ಅನ್ನಿಸುತ್ತ ಆ ತುದಿಗೆ ಹೋದಳು. ನನಗೆ ಸಿಟ್ಟು ಬಂತು. ಮಷೀನು ಚಾಲೂ ಮಾಡಿದೆ.

ಸ್ವಲ್ಪ ಹೊತ್ತಾಗಿತ್ತು. ನಾನು ಈ ತುದಿಯಲ್ಲಿ ಹೊಸ ಕಲ್ಲು ಸರಿಯಾಗಿ ಮಲಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಸದ್ದು ನಿಂತಿತು. ದಿನವಿಡೀ ಆ ಗದ್ದಲದಲ್ಲಿ ಇರುವವರಿಗೆ ಸದ್ದು ನಿಂತರೆ ಎದೆ ಧಸ್ಸೆನ್ನುತ್ತದೆ. ಆದರೆ ನನ್ನ ಬಾಯಿಗೆ ಮೊದಲು ಬಂದದ್ದು ಸಿಟ್ಟೇ. "ಯಾವನಂವಾ ಒತ್ತಿದಾಂವಾ? ಕಲ್ಲ ಹಾಳಾತಲ್ಲೋ!" ಎಂದು ಕೂಗಿಕೊಂಡೇ ತಲೆ ಎತ್ತಿದೆ.

ಆ ತುದಿಯಲ್ಲಿ ಮೇಸ್ತ್ರಿ ಕೆಂಪು ಬಟನ್ನಿನ ಮೇಲೆ ಅಂಗೈ ಒತ್ತಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವರ ಪಕ್ಕದಲ್ಲಿ ಅಕ್ಕ ಬೆಲ್ಟನ್ನು ತಿರುಗಿಸುವ ರೋಲರಿನ ಕಡೆಗೆ ಬಾಗಿದ್ದಳು. ನಾನು ಓಡಿದೆ.

ಸೊಂಟದಿಂದ ಸೆರಗು ಜಾರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅದರ ಒದ್ದೆ ತುದಿಯನ್ನು ಬೆಲ್ಟು ಎಳೆದುಕೊಂಡು ರೋಲರಿನ ಸಂದಿಗೆ ಒಯ್ದಿತ್ತು. ಸೀರೆ ಹೋಗುತ್ತದಲ್ಲ ಎಂದು ಅವಳು ಸೆರಗನ್ನು ಬಲಗೈಗೆ ಸುತ್ತಿಕೊಂಡು ಹಿಂದಕ್ಕೆ ಜಗ್ಗಿದ್ದಳು. ಮಷೀನು ಅವಳಿಗಿಂತ ಜೋರಾಗಿ ಮುಂದಕ್ಕೆ ಜಗ್ಗಿತ್ತು. ಈಗ ಸೆರಗು ಮುಂಗೈಗೆ ಬಿಗಿದು ಕುಳಿತಿತ್ತು. ಬೆರಳ ತುದಿಗೂ ರೋಲರಿಗೂ ನಡುವೆ ಒಂದು ಬಳೆ ಹಿಡಿಯುವಷ್ಟು ಜಾಗ. ಅಷ್ಟೇ.

ಚಾಚಾ ಓಡಿ ಬಂದು ಮೊದಲು ದೊಡ್ಡ ಸ್ವಿಚ್ಚನ್ನೇ ಇಳಿಸಿದರು. ಆಮೇಲೆ ಮೇಸ್ತ್ರಿಯ ಹತ್ತಿರ ಹೋದರು. ಮೇಸ್ತ್ರಿ ಇನ್ನೂ ಬಟನ್ನಿನಿಂದ ಕೈ ತೆಗೆದಿರಲಿಲ್ಲ, ತೆಗೆದರೆ ಮಷೀನು ಮತ್ತೆ ಹೊರಡುತ್ತದೆ ಎಂಬಂತೆ ಮೈಯ ಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದರು. ಚಾಚಾ ಅವರ ಹೆಗಲ ಮೇಲೆ ಕೈ ಇಟ್ಟು, "ಬಿಡ್ರಿ ಮೇಸ್ತ್ರಿ, ಅದು ತಾನ ಕುಂತೈತಿ. ಇನ್ನ ಏಳಂಗಿಲ್ಲ" ಎಂದು ಒಂದೊಂದೇ ಬೆರಳು ಬಿಡಿಸಿದರು.

ಬೆಲ್ಟು ಸಡಿಲಿಸಿ, ಪಾನಾ ಹಾಕಿ ರೋಲರನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿದರು. ನಾನು ಅಕ್ಕನ ಮುಂಗೈಯಿಂದ ಸೆರಗು ಬಿಚ್ಚುತ್ತ ಹೋದೆ. ಬಾಯಿಯೂ ನಿಂತಿರಲಿಲ್ಲ. "ಅಂಗಿ ಹಾಕ್ಕೊ ಅಂದ್ನಿ, ಕೇಳಿದೇನು? ನಿನ್ನ ಸೊಕ್ಕ ಸುಡ್ಲಿ! ನೂರ ಸಲ ಹೇಳೇನಿ!" ಹೀಗೆ ಬೈಯುತ್ತಲೇ ಅಳುತ್ತಿದ್ದೆ. ಹೊರಬಂದ ಸೆರಗು ಗ್ರೀಸು ಮೆತ್ತಿ ಕಪ್ಪಾಗಿತ್ತು, ಮೂರು ಕಡೆ ಹರಿದಿತ್ತು. ಕೈ ಕೆಂಪಾಗಿ ಬಾತಿತ್ತು, ಅದರ ಬಳೆಗಳೆಲ್ಲ ಒಡೆದು ಅಲ್ಲಲ್ಲಿ ಗೀರಿದ್ದವು. ಅಕ್ಕ ನಿಧಾನವಾಗಿ ಬೆರಳು ಮಡಚಿದಳು, ಬಿಚ್ಚಿದಳು. ಐದೂ ಅಲ್ಲಾಡಿದವು.

ಆಗ ಮೇಸ್ತ್ರಿ ಮೊದಲ ಸಲ ಬಾಯಿ ತೆರೆದರು. "ಕೊಂಡಿ ಹಾಕಾಕ ಬರತೈತೇನವ್ವಾ? ಹಾಕಿ ತೋರಸು."

ಅಕ್ಕ ಹೆಬ್ಬೆರಳಿಗೆ ತೋರುಬೆರಳು ಹಚ್ಚಿ ಇಲ್ಲದ ಎಳೆಯನ್ನು ಹೊಸೆದು ತೋರಿಸಿದಳು. ಮೇಸ್ತ್ರಿ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತುಬಿಟ್ಟರು. "ಎಪ್ಪಾ ಶಿವನ, ನಮ್ಮವ್ವನ ಮಗ್ಗ ಉಳೀತು" ಎಂದರು.

ಆಗ ಆಕಳಿಸಿ ಮೊದಲ ದಂಡ ಕೊಟ್ಟ ಅದೇ ಮಹಾಶಯ, ರೂಢಿಯೋ ಏನೋ, ಹಿಂದಿನಿಂದ ಸಣ್ಣ ದನಿಯಲ್ಲಿ ಕೇಳಿದ: "ಮೇಸ್ತ್ರಿ... ಮಿರ್ಚಿ?"

ಒಂದು ಕ್ಷಣ ಅವನನ್ನು ಹೊಡೆಯಬೇಕು ಅನ್ನಿಸಿತು. ಅಷ್ಟರಲ್ಲಿ ಅಕ್ಕನೇ ಫಕ್ಕನೆ ನಕ್ಕಳು. ಅವಳು ನಕ್ಕದ್ದೇ ತಡ, ಎಲ್ಲರಿಗೂ ನಗು ಬಂತು, ನಿಲ್ಲಿಸಲಿಕ್ಕೇ ಆಗಲಿಲ್ಲ. ಮೇಸ್ತ್ರಿ ಕುಳಿತಲ್ಲಿಂದಲೇ ಕೈ ಎತ್ತಿ ಹೇಳಿದರು: "ತರಸ್ರಿ. ಎಲ್ಲಾರಿಗೂ ತರಸ್ರಿ. ನನ್ನ ಹೆಸರಲೆ ತರಸ್ರಿ." ಮಿರ್ಚಿ ಗಾಡಿಯವನು ನಂಬಲಿಲ್ಲವಂತೆ. ಯಾವ ಮೇಸ್ತ್ರಿ, ನಮ್ಮ ಮೇಸ್ತ್ರಿನಾ, ಎಂದು ಎರಡೆರಡು ಸಲ ಕೇಳಿ, ಕೊನೆಗೆ ತಾನೇ ಗೇಟಿನೊಳಗೆ ಇಣುಕಿ ನೋಡಿಹೋದ.

ಅಕ್ಕನ ಗೀರುಗಳಿಗೆ ಅರಿಶಿನ ಮೆತ್ತಿದ್ದಾಯಿತು. ಸಂಜೆ ದವಾಖಾನೆಗೆ ಹೋಗಿ ತೋರಿಸಿಯೂ ಬಂದೆವು, ಎಲುಬಿಗೆ ಏನೂ ಆಗಿರಲಿಲ್ಲ. ಅದಕ್ಕೂ ಮೊದಲು, ಕಲ್ಲುಗಳ ಮೇಲೆ ಸಾಲಾಗಿ ಕುಳಿತು ಮಿರ್ಚಿ ತಿನ್ನುತ್ತಿದ್ದಾಗ, ನಾನು ಕೇಳಿದೆ.

"ಯಕ್ಕಾ, ಬಟನ್ ನಿನ್ನ ಎಡಗೈ ಮೊಣಕೈ ಹತ್ರನ ಇತ್ತಲ್ಲಾ. ಅದನ್ನ ಬಿಟ್ಟು ಸೆರಗ ಜಗ್ಗಕೋತ ಯಾಕ ನಿಂತಿ? ಗುದ್ದಬೇಕಿಲ್ಲೇನು?"

ಅಕ್ಕ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟಳು. ಮಾತು ಬಹಳ ಸಾದಾ ಇತ್ತು. "ಗುದ್ದಬೇಕಂತ ಕೈ ಎತ್ತಿದ್ನೆವಾ. ಅಷ್ಟರಾಗ ದಂಡ ನೆನಪಾತು. ಮೊನ್ನೆ ವೈಪರ್ ಬಿದ್ದಾಗ ನಾನ ಕೊಡಿಸೀನಿ, ಮತ್ತ ಈಗೂ ನಾನ ಏನು ಅನಸ್ತು. ಇನ್ನೊಂದ ಸಲ ಜಗ್ಗಿ ನೋಡೂಣು, ಬಂದ್ರ ಬಂದೀತು ಅಂತ ಜಗ್ಗಿದ್ನಿ."

ಎಲ್ಲರ ಕೈಯಲ್ಲೂ ಮಿರ್ಚಿ ಇತ್ತು, ಯಾರೂ ಅಗಿಯುತ್ತಿರಲಿಲ್ಲ. ಚಾಚಾ ತಮ್ಮ ಕೈಯಲ್ಲಿದ್ದದ್ದನ್ನು ಕಾಗದದ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡರು.

ಆಮೇಲೆ ನಾನು ಉಕ್ಕಿದೆ. ನನ್ನ ಗಂಡ ಹೇಳುವ ಆ ಹಾಲು ಅವತ್ತು ಒಲೆಯನ್ನೇ ಆರಿಸಿತು. ಎದ್ದು ನಿಂತು ಏನೇನು ಕೂಗಿದೆನೋ ಎಲ್ಲ ನೆನಪಿಲ್ಲ. ಇಷ್ಟು ನೆನಪಿದೆ: "ನಾಕ ಮಿರ್ಚಿಗೆ ಐದ ಬೆರಳ ಕೊಡ್ತಿದ್ದೆಲ್ಲಬೇ ನಮ್ಮವ್ವಾ! ಸುಡ್ರಿ ಈ ದಂಡಾನ! ನಾವು ನಕ್ಕೋತ ತಿಂದ್ವಿ, ಈಕಿ ಅದನ್ನ ಲೆಕ್ಕಾ ಹಾಕ್ಕೋತ ಕೈ ಕೊಡಾಕ ಹೊಂಟಿದ್ಲು. ಇವತ್ತಿನಿಂದ ಯಾರ ಒತ್ತತಾರ ಅವರಿಗೆ ನಾವು ತಿನ್ನಸೂದು. ತಪ್ಪಿ ಒತ್ತಿದ್ರೂ ತಿನ್ನಸೂದು. ಆಕಳಿಸಿ ಬೆನ್ನ ಹಚ್ಚಿದ್ರೂ ತಿನ್ನಸೂದು!"

"ದಿನಾ ಬೆನ್ನ ಹಚ್ಚಿದ್ರ?" ಎಂದು ಆಕಳಿಸುವ ಮಹಾಶಯ ಕೇಳಿದ.

"ದಿನಾ ತಿನ್ನಸ್ತೇನಿ. ಹೊಟ್ಟಿ ಕೆಟ್ಟು ನೀನ ಬಿಡ್ತಿ."

ಅಷ್ಟರಲ್ಲಿ ಮಾಲಕರು ಬಂದರು. ನನ್ನ ಗದ್ದಲ ಆಫೀಸಿನವರೆಗೆ ಕೇಳಿಸಿತ್ತು. ಅವರು ಮೊದಲು ಕಲ್ಲಿನ ಮೇಲಿನ ಉಂಗುರದ ಕಲೆ ನೋಡಿದರು, ಆಮೇಲೆ ಹರಿದ ಸೆರಗು ನೋಡಿದರು, ಆಮೇಲೆ ಅಕ್ಕನ ಕೈ ನೋಡಿದರು. ಕಲ್ಲಿನ ಮಾತು ಎತ್ತಲೇ ಇಲ್ಲ. ಮರುದಿನವೇ ಆ ರೋಲರಿನ ಬಾಯಿಗೆ ಕಬ್ಬಿಣದ ಜಾಳಿಗೆ ಬಂತು. ಚಾಚಾ ಅದನ್ನು ಕೂರಿಸುತ್ತ, "ಬಟನ್ ಐತಿ ಅಂತ ಬಾಯಿ ತೆರೆದ ಬಿಡಬಾರದು. ಬಟನ್ ಕಡೀ ಮಾತು, ಜಾಳಗಿ ಮೊದಲಿನ ಮಾತು" ಎಂದರು. ಅಂಗಿ ಹಾಕದೆ ಯಾರೂ ಮಷೀನಿನ ಹತ್ತಿರ ಬರುವ ಹಾಗಿಲ್ಲ ಎಂದಾಯಿತು. ಇನ್ನೂ ಒಂದು ಪದ್ಧತಿ ಶುರುವಾಯಿತು. ಸೋಮವಾರ ಬೆಳಗ್ಗೆ, ಕಲ್ಲು ಹಾಕುವ ಮೊದಲು, ಬರಿ ಮಷೀನು ಚಾಲೂ ಮಾಡಿ ಎರಡೂ ಕೆಂಪು ಬಟನ್ನುಗಳನ್ನು ಒತ್ತಿ ನೋಡುವುದು. ಒಂದೊಂದು ವಾರ ಒಬ್ಬೊಬ್ಬರ ಪಾಳಿ. ಆಳುಗಳಿಗೆ ಅಡುಗೆ ಮಾಡುವ ಅಜ್ಜಿಯೂ ಒತ್ತುತ್ತಾಳೆ. ಕೈಗೆ ರೂಢಿಯಾಗಲಿ ಎಂದು ಚಾಚಾ ಹೇಳಿದ್ದು. ಸೋಮವಾರದ್ದಕ್ಕೆ ಮಿರ್ಚಿ ಇಲ್ಲ, ಮೊದಲೇ ಹೇಳಿಬಿಟ್ಟಿದ್ದೇವೆ.

ಅಕ್ಕನ ಕೈಯ ಬಾವು ಇಳಿಯುವವರೆಗೆ ಅವಳ ಪಾಲಿನ ನೀರನ್ನೂ ನಾನೇ ತುಂಬಿದೆ. ಅವಳು ಕಟ್ಟೆಯ ಮೇಲೆ ಕುಳಿತು, ಕೊಡ ಸರಿಯಾಗಿ ತಿಕ್ಕಿಲ್ಲ, ನೀರು ಚೆಲ್ಲಿದೆ ಎಂದು ತಪ್ಪು ಹುಡುಕುತ್ತಿದ್ದಳು. ಬಾವು ಇಳಿದ ದಿನ ಮೊದಲು ಹೋಗಿದ್ದು ಮೇಸ್ತ್ರಿಯ ಮನೆಗೆ, ಅವರ ತಾಯಿಯ ಮಗ್ಗಕ್ಕೆ ಕೊಂಡಿ ಹಾಕಲು. ಅಲ್ಲಿ ಚಹಾ ಸಿಕ್ಕಿತಂತೆ, ಅದರ ಸಂಗಡ ಬಿಸ್ಕಿಟ್ಟೂ ಸಿಕ್ಕಿತಂತೆ. ಓಣಿಯಲ್ಲಿ ಅದೇ ದೊಡ್ಡ ಸುದ್ದಿಯಾಯಿತು.

ಆದರೆ ನನಗೆ ಒಳಗೊಳಗೆ ಒಂದು ಹೆದರಿಕೆ ಉಳಿದಿತ್ತು. ಸೋಮವಾರ ಒತ್ತುವುದು ಬೇರೆ. ನಿಜವಾದ ಹೊತ್ತಿನಲ್ಲಿ ಇವಳು ಒತ್ತುತ್ತಾಳೋ, ಮತ್ತೆ ಏನಾದರೂ ಯೋಚಿಸುತ್ತ ನಿಲ್ಲುತ್ತಾಳೋ? ಆ ಬೆರಳುಗಳಿಗೆ ಇನ್ನೊಮ್ಮೆ ಅಷ್ಟು ಜಾಗ ಸಿಗುತ್ತದೆ ಎಂದು ಯಾರು ಹೇಳಬೇಕು? ಪ್ಯಾನಲ್ಲಿನ ಮುಂದೆ ನಿಂತರೂ ನನ್ನ ಕಣ್ಣು ಆ ತುದಿಗೇ ಹೋಗುತ್ತಿತ್ತು.

ದೀಪಾವಳಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಸೀಳು ಬಿಟ್ಟಿದ್ದ ಕಲ್ಲೊಂದನ್ನು ನೋಡದೆ ಹೇರಿದ್ದರು. ಅದರ ಮೂಲೆ ಒಳಗೇ ಮುರಿದು, ಚೂರು ಬಂದು ಆ ತುದಿಯ ಜಾಳಿಗೆಯ ಪಕ್ಕ ಸಿಕ್ಕಿಕೊಂಡಿತು. ಹಿಂದಿನ ಕಲ್ಲು ಬಂದು ಅದಕ್ಕೆ ತಾಗಿದರೆ ಅದೂ ಮುರಿಯುತ್ತದೆ. ನನಗೆ ನೆತ್ತಿಗೇರಿತು. ಪ್ಯಾನಲ್ ಬಿಟ್ಟು, ಮೇಸ್ತ್ರಿಯನ್ನು ಬೈಯುತ್ತ ಆ ತುದಿಗೆ ದಡದಡ ನಡೆದೆ. "ಕಣ್ಣ ಎಲ್ಲಿಟ್ಟು ಹೇರಸ್ತೀರಿ ಮೇಸ್ತ್ರಿ? ಸೀಳ ಬಿಟ್ಟಿದ್ದ ಕಾಣೂದಿಲ್ಲೇನ್ರಿ?" ಅವರೂ ಏನೋ ಹೇಳುತ್ತಿದ್ದರು. ನಾನು ಅವರ ಕಡೆ ಮುಖ ತಿರುಗಿಸಿಕೊಂಡೇ, ಬಾಯಿಂದ ಜಗಳ ಮಾಡುತ್ತಲೇ, ಆ ಚೂರನ್ನು ಕಿತ್ತು ಬಿಸಾಡಲೆಂದು ಬಗ್ಗಿದೆ.

ಸದ್ದು ನಿಂತಿತು. ಹೆಡ್ಡುಗಳು, ಬೆಲ್ಟು, ಎಲ್ಲ ಒಮ್ಮೆಗೇ.

ತಿರುಗಿ ನೋಡಿದೆ. ಅಕ್ಕ ಒಂದು ಕೈಯಲ್ಲಿ ವೈಪರ್ ಹಿಡಿದು, ಇನ್ನೊಂದು ಮೊಣಕೈಯನ್ನು ಕೆಂಪು ಬಟನ್ನಿನ ಮೇಲೆ ಊರಿ, ಬಸ್ಸಿಗೆ ಕಾಯುವವರ ಹಾಗೆ ಆರಾಮವಾಗಿ ನಿಂತಿದ್ದಳು.

"ಯಾಕ ಒತ್ತಿದೀ? ಒಳಗ ಎಲ್ಲಾ ಕಲ್ಲಿಗೂ ಕಲಿ ಬಿತ್ತಲ್ಲಾ!" ಎಂದು ಕೂಗಿದೆ.

"ಮಿರ್ಚಿ ತಿನ್ನಬೇಕು ಅನಸ್ತು."

"ಈಗ? ಇಷ್ಟೊತ್ತನ್ಯಾಗ?"

ಅವಳು ಗದ್ದದಿಂದ ನನ್ನ ಕೈಯ ಕಡೆ ತೋರಿಸಿದಳು, ಅಷ್ಟೇ. ನಾನು ನೋಡಿಕೊಂಡೆ. ನನ್ನ ಬಲಗೈ ಜಾಳಿಗೆಯ ಪಕ್ಕದ ಸಂದಿಯೊಳಗೆ ಮುಂಗೈವರೆಗೆ ಇಳಿದಿತ್ತು. ಬೆಲ್ಟು ನನ್ನ ಬೆರಳುಗಳ ಕೆಳಗೇ ನಿಂತಿತ್ತು. ಒಳಗೆ ಹೋದದ್ದು ನನಗೆ ಗೊತ್ತೇ ಇರಲಿಲ್ಲ.

ಕೈ ತೆಗೆದುಕೊಂಡೆ. ಅಕ್ಕ ವೈಪರನ್ನು ಗೋಡೆಗೆ ಒರಗಿಸಿಟ್ಟು, "ನ್ಯಾಯ ಅಂದ್ರ ನ್ಯಾಯ. ಒತ್ತಿದಾಕಿ ನಾ. ಹೋಗು, ಬಿಸಿ ಇದ್ದದ್ದ ತಗೊಂಬಾ" ಅಂದಳು.

ನಾನೇ ಹೋದೆ. ಎಣ್ಣೆಯಿಂದ ತೆಗೆದದ್ದನ್ನೇ ಕಟ್ಟಿಸಿಕೊಂಡು ಬಂದು ಅವಳ ಮುಂದೆ ಇಟ್ಟೆ. ಅವಳು ಎರಡು ತಿಂದಳು. ಮೂರನೆಯದನ್ನು ಮುರಿದು, ಉಫ್ ಉಫ್ ಎಂದು ಊದಿ ಆರಿಸಿ, ಅರ್ಧ ನನ್ನ ಬಾಯಿಗೆ ಇಟ್ಟಳು, ತನ್ನ ಬಲಗೈಯಿಂದ, ಐದೂ ಬೆರಳು ಸೇರಿಸಿ.